ಆಯಿ ಉಣ್ಣುವ ಹೊತ್ತು

ನಮ್ಮ ಆಯಿಯ ಹೋಳಿಗೆ ತಿನ್ನದವರು ನನ್ನೆದುರು ಹೋಳಿಗೆಯ ಬಗ್ಗೆ ಮಾತಾಡಬಾರದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ಜಂಬಕ್ಕೇ ಹೇಳುತ್ತಿದ್ದೇನೆ. ಬೆಳಗಾವಿಯ ನೆಹರು ನಗರದಲ್ಲಿ ನನ್ನದೊಂದು ಬ್ಲೌಸು ಹೊಲಿಯುವ ಅಂಗಡಿಯಿದೆ. ಅಳತೆ ಕೊಡಲು ಬಂದವರು "ನಮ್ಮತ್ತಿ ಹೋಳಿಗಿ ಮಾಡಿದ್ರ ನೋಡ್ರಿ..." ಎಂದು ಶುರು ಮಾಡಿದರೆ ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು, "ಒಮ್ಮೆ ಖಾನಾಪುರಕ್ಕ ಬರ್ರಿ, ಆಮ್ಯಾಲ ಮಾತಾಡೂಣು" ಎಂದು ಅಲ್ಲಿಗೇ ಕತ್ತರಿಸುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಸಿಟ್ಟು ಇಲ್ಲದಿದ್ದರೆ ಈಗ ಹೇಳಲಿರುವ ಕೆಲಸ ಆಗುತ್ತಲೇ ಇರಲಿಲ್ಲ.

ಆಯಿ ಎಂದರೆ ನಮ್ಮಪ್ಪನ ತಾಯಿ. ಖಾನಾಪುರದ ಮನೆಯಲ್ಲಿ ಕಾಕಾ, ಕಾಕು ಅವರ ಜೊತೆ ಇದ್ದಾಳೆ. ಕಾಕಾ ಅಪ್ಪನ ತಮ್ಮ, ಪೇಟೆಯಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಅಂಗಡಿ ಇಟ್ಟಿದ್ದಾರೆ. ಕಾಕು ಅವರ ಹೆಂಡತಿ, ಮಾತು ಕಡಿಮೆ, ಕೆಲಸ ಜಾಸ್ತಿ. ನಾನು, ನನ್ನ ಗಂಡ, ಮಕ್ಕಳು ಹಿಂಡಲಗಾದಲ್ಲಿದ್ದೇವೆ. ಅಪ್ಪ, ಅವ್ವ ಕೂಡ ಅದೇ ಓಣಿಯವರು. ದೀಪಾವಳಿಯ ಪಾಡ್ಯಕ್ಕೆ ಎಲ್ಲರೂ ಒಂದೇ ಗಾಡಿಯಲ್ಲಿ ಒತ್ತಿಕೊಂಡು ಕೂತು ಖಾನಾಪುರಕ್ಕೆ ಹೋಗುತ್ತೇವೆ. ಗುಂಜಿಯಿಂದ ಸೋದರತ್ತೆಯ ಮನೆಯವರು ಬರುತ್ತಾರೆ. ಅವತ್ತು ಆ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ನಾವು ಜೈನರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಲೆಯ ಹತ್ತಿರಕ್ಕೂ ಬರುವುದಿಲ್ಲ. ನೆಲದೊಳಗೆ ಬೆಳೆಯುವ ಬಟಾಟೆ, ಗಜ್ಜರಿಯೂ ಇಲ್ಲ. ದೀಪಾವಳಿಯ ಹೊತ್ತಿಗೆ ಇನ್ನೂ ಚಾತುರ್ಮಾಸ ನಡೆದಿರುವುದರಿಂದ ಆಯಿ ಸೊಪ್ಪು ಕೂಡ ಬಿಟ್ಟಿರುತ್ತಾಳೆ, ಸಾರಿನ ಮೇಲೆ ಒಂದೆಳೆ ಕೊತ್ತಂಬರಿಯೂ ತೇಲುವುದಿಲ್ಲ. ಹೊರಗಿನವರು ಇದನ್ನು ಕೇಳಿ "ಮತ್ತ ರುಚಿ ಎಲ್ಲಿಂದ ಬರ್ತೈತ್ರಿ" ಎಂದು ಕನಿಕರ ತೋರಿಸುತ್ತಾರೆ. ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಹುರಿದ ಕೊಬ್ಬರಿ, ಜೀರಿಗೆ, ಲವಂಗ, ಒಂದು ಹಿಡಿ ಹೂರಣ ಸೇರಿಸಿ ಅವಳು ಕುದಿಸುವ ಸಾರನ್ನು ಅವರಿಗೆ ಒಂದು ವಾಟಗ ಕುಡಿಸಬೇಕು. ಕನಿಕರ ತೋರಿಸಿದ ಬಾಯಿಂದಲೇ ಇನ್ನೊಂದು ವಾಟಗ ಕೇಳದಿದ್ದರೆ ನಾನು ಅಂಗಡಿ ಮುಚ್ಚುತ್ತೇನೆ.

ಹೋಳಿಗೆಯ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ಅದನ್ನು ಮಾಡುವುದು ಪಾಡ್ಯಕ್ಕೆ ಮಾತ್ರ. ಉಳಿದ ಹಬ್ಬಗಳಿಗೆ ಬೇರೆ ಸಿಹಿ. ಆಯಿ ಹೂರಣವನ್ನು ಇವತ್ತಿಗೂ ಕಲ್ಲಿನಲ್ಲೇ ಅರೆಸುತ್ತಾಳೆ. ಅರೆಯುವವರು ನಾವು, ಬೈಯುವವಳು ಅವಳು. ಲಟ್ಟಿಸುವುದು, ಬೇಯಿಸುವುದು ಮಾತ್ರ ಪೂರ್ತಿ ಅವಳ ಕೈಯದೇ. ನೆಲದ ಮೇಲೆ ಒಂಟಿ ಗ್ಯಾಸಿನ ಒಲೆ ಇಡಿಸಿ, ಗಿಡ್ಡ ಮಣೆಯ ಮೇಲೆ ಕೂತು ಶುರು ಮಾಡುತ್ತಾಳೆ. ಅವಳ ನಿಯಮ ಒಂದೇ: ಹೋಳಿಗೆ ಹಂಚಿನಿಂದ ನೇರ ತಟ್ಟೆಗೆ ಬೀಳಬೇಕು. ಮೊದಲೇ ಬೇಯಿಸಿ ಬುಟ್ಟಿಯಲ್ಲಿ ಒಟ್ಟಿದ ಹೋಳಿಗೆಯನ್ನು ಅವಳು ಹೋಳಿಗೆ ಎಂದೇ ಕರೆಯುವುದಿಲ್ಲ. ನಾವು ಸಾಲಾಗಿ ಕೂತಿರುತ್ತೇವೆ, ಒಂದೊಂದೇ ಬಂದು ಬೀಳುತ್ತದೆ, ತುಪ್ಪ ಹಾಕಿದರೆ ಚುರ್ ಎನ್ನುತ್ತದೆ. ಬೆರಳು ಸುಟ್ಟುಕೊಳ್ಳುತ್ತ ತಿನ್ನುತ್ತೇವೆ. ಅದಕ್ಕೇ ನಮ್ಮಲ್ಲಿ ಪಾಡ್ಯದ ಊಟ ಮುಗಿಯುವುದೇ ಇಲ್ಲ, ಒಂದು ಪಂಕ್ತಿ ಎದ್ದರೆ ಇನ್ನೊಂದು ಕೂರುತ್ತದೆ.

ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎಂಬುದೂ ನಮ್ಮ ಕಟ್ಟಳೆ. ನಾವು ಈಗಿನವರು ಅದನ್ನು ಅನುಕೂಲ ನೋಡಿಕೊಂಡು ಪಾಲಿಸುತ್ತೇವೆ. ಆಯಿ ಹಾಗಲ್ಲ. ಹೊತ್ತು ಇಳಿಯಿತೆಂದರೆ ನೀರೂ ಮುಟ್ಟುವುದಿಲ್ಲ. ರಾತ್ರಿ ದಾಟಿದ ಅಡಿಗೆ ಮರುದಿನ ಅವಳಿಗೆ ನಡೆಯುವುದಿಲ್ಲ. ಅಡಿಗೆ ಮಾಡುವಾಗ ರುಚಿ ನೋಡುವುದಂತೂ ಇಲ್ಲವೇ ಇಲ್ಲ, ಬಡಿಸುವ ಮುಂಚೆ ನಾಲಿಗೆಗೆ ತಾಗಿಸಿದರೆ ಎಂಜಲು. ಮತ್ತು ಒಲೆಯ ಮುಂದೆ ಕೂತವಳು ಎಲ್ಲರೂ ಉಂಡ ಮೇಲೆ ಉಣ್ಣಬೇಕು. ಈ ನಾಲ್ಕನ್ನೂ ನಾವು ಹುಟ್ಟಿದಾಗಿನಿಂದ ಬಲ್ಲೆವು. ನಾಲ್ಕನ್ನೂ ಕೂಡಿಸಿ ನೋಡಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ.

ನನಗೆ ಅದು ಗೊತ್ತಾದದ್ದು ಹೋದ ವರ್ಷ, ಪಾಡ್ಯದ ಮರುದಿನ ಬೆಳಿಗ್ಗೆ. ಬಂದವರೆಲ್ಲ ತಮ್ಮ ಊರಿಗೆ ಹೋಗಿದ್ದರು, ನಾನೊಬ್ಬಳು ಉಳಿದಿದ್ದೆ. ಆಯಿ ತನ್ನ ಪಾಲಿಗೆ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದಳು. ನಾನು ಉಳಿದ ಹೋಳಿಗೆಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ, ಅರ್ಧ ಮುರಿದು ಅವಳ ಮುಂದೆ ಹಿಡಿದೆ.

"ನಿನ್ನಿದು ನಂಗ ಆಗಂಗಿಲ್ಲ, ಗೊತ್ತಿಲ್ಲೇನು ನಿಂಗ?" ಎಂದಳು.

"ಹೌದಲ್ಲ, ಮರ್ತಿದ್ದೆ. ನಿನ್ನಿ ಯಾವಾಗ ತಿಂದಿ ನೀ? ನಾ ನೋಡಲೇ ಇಲ್ಲ."

"ನೀವೆಲ್ಲಾ ತಿಂದ್ರಲ್ಲ."

"ನೀ ತಿಂದಿಯೇನು ಅಂತ ಕೇಳಾಕತ್ತೀನಿ ಆಯಿ."

ಅವಳು ಸೌಟು ಆಡಿಸುತ್ತಲೇ ಇದ್ದಳು. "ಹೊತ್ತು ಮುಳುಗಿತ್ತವಾ."

"ಅದರ ಹಿಂದಿನ ವರ್ಷ?"

"ಆಗೂ ಮುಳುಗಿತ್ತು." ಹೇಳಿ ನಕ್ಕಳು. ದೀಪಾವಳಿಯಲ್ಲಿ ಹಗಲು ಗಿಡ್ಡ, ಪಂಕ್ತಿ ಉದ್ದ, ಏನು ಮಾಡಲಾದೀತು ಎಂಬಂತೆ.

"ಬ್ಯಾರೆ ದಿನ ಒಂದ ಮಾಡ್ಕೊಂಡು ತಿನ್ನಬೇಕಿಲ್ಲೋ?"

"ಒಬ್ಬಾಕಿ ಸಲುವಾಗಿ ಯಾರ್ ಹೋಳಿಗಿ ಮಾಡ್ತಾರ, ಹುಚ್ಚಿ."

"ಹಂಗಾರ ನಿನ್ನ ಹೋಳಿಗಿ ಹೆಂಗಿರ್ತೈತಿ ಅಂತ ನಿಂಗ ಗೊತ್ತಿಲ್ಲ?"

"ನೀವ ಹೇಳ್ತೀರಲ್ಲ, ಛಲೋ ಐತಿ ಅಂತ" ಎಂದು ಅವಳು ರವೆಗೆ ನೀರು ಸುರಿದಳು.

ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ತಟ್ಟೆಗೆ ಹಾಕಿಬಿಟ್ಟೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟೇ ಗಟ್ಟಿಯಾಗಿ ನಿಂತಿತು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹಂಚಿನ ಮುಂದೆ ಕೂತ ಮುದುಕಿ, ಮರುದಿನ ಬೆಳಗಿನ ತನಕ ಬರಿ ಹೊಟ್ಟೆಯಲ್ಲಿರುತ್ತಾಳೆ. ಇಡೀ ಮನೆ ತೇಗುತ್ತ ಎಲೆ ಅಡಿಕೆ ಮೆಲ್ಲುತ್ತದೆ. ಮುಂದಿನ ಪಾಡ್ಯಕ್ಕೆ ಇವಳು ಹೊತ್ತಿರುವಾಗಲೇ ಕೂತು ತನ್ನ ಹೋಳಿಗೆ ತಿನ್ನಬೇಕು, ಇಲ್ಲದಿದ್ದರೆ ನಾನು ಅವಳ ಮೊಮ್ಮಗಳೇ ಅಲ್ಲ ಎಂದುಕೊಂಡೆ.

ಕಾಕಾನಿಗೆ ಹೇಳಿದರೆ ಅವರು ನಂಬಲಿಲ್ಲ. "ಏ, ಬಾಜೂಕ ಒಂದೆರಡ ಇಟ್ಕೊಂಡಿರ್ತಾಳ ಬಿಡವಾ" ಎಂದರು. ಕಾಕುವನ್ನು ಕೇಳಿದೆ. ಕಾಕು ಕೆಳಗೆ ನೋಡಿ, "ನಾ ಭಾಳ ಸರ್ತಿ ಅಂದೀನಿ. ಕೇಳಂಗಿಲ್ಲ" ಎಂದರು. ಅಂದರೆ ಕಾಕುವಿಗೆ ಗೊತ್ತಿತ್ತು, ಹೇಳಿದರೆ ಕೇಳುವವರು ಇರಲಿಲ್ಲ.

ಈ ವರ್ಷ ನನ್ನ ಮೊದಲ ಉಪಾಯ ಸರಳವಾಗಿತ್ತು: ಎಲ್ಲರನ್ನೂ ಬೇಗ ಕೂಡಿಸಿ ಬೇಗ ಉಣ್ಣಿಸಿ ಬಿಡುವುದು. ಹಬ್ಬದ ಮುನ್ನಾದಿನ ಅಂಗಡಿಗೆ ಬೀಗ ಹಾಕಿದೆ. ತೋಳು ಬಿಗಿಯಾಯಿತು ಎಂದು ಬಂದ ಗಿರಾಕಿಗೆ "ಹಬ್ಬ ಮುಗಿಯೂತನಕ ಕೈ ಮ್ಯಾಲ ಎತ್ತಬ್ಯಾಡ್ರಿ" ಎಂದು ಹೇಳಿ ಕಳಿಸಿದೆ. ಗುಂಜಿಗೆ, ಕಾಕಾನಿಗೆ, ಅಪ್ಪನಿಗೆ ಫೋನ್ ಮಾಡಿ ಮಾಡಿ ತಲೆ ತಿಂದೆ. ಎಲ್ಲರೂ ಹೂಂ ಎಂದರು. ಸಂಜೆಗೇ ನಾನು ಖಾನಾಪುರ ಸೇರಿಕೊಂಡೆ.

ಪಾಡ್ಯದ ಬೆಳಿಗ್ಗೆ ಆಯಿಯ ಜೊತೆ ಬಸದಿಗೆ ಹೋದೆ. ಅವಳು ಪ್ರದಕ್ಷಿಣೆ ಹಾಕುತ್ತಿದ್ದಾಗ ನನಗೆ ಒಳಗೊಳಗೇ ಅಳುಕು. ಎಲ್ಲರ ಹೂಂ ನನಗೆ ಗೊತ್ತಿದ್ದದ್ದೇ. ಆಯಿಯ ಮುಂದೆ ಜಗಳ ನಡೆಯುವುದಿಲ್ಲ, ಬೇಡಿಕೆ ನಡೆಯುವುದಿಲ್ಲ. ನಡೆಯುವುದು ಒಂದೇ, ನೇಮ. ದೇವರ ಮುಂದೆ ನಿಂತು ಇದನ್ನು ಮಾಡುವುದಿಲ್ಲ, ಅದನ್ನು ತಿನ್ನುವುದಿಲ್ಲ ಎಂದು ನೇಮ ತೆಗೆದುಕೊಂಡರೆ ಅದನ್ನು ಮುರಿಯುವ ಮಾತು ಅವಳ ಬಾಯಲ್ಲಿ ಬರುವುದಿಲ್ಲ. "ಸಣ್ಣದಾದ್ರೂ ತಗೋ, ತಗೊಂಡದ್ದ ಮುರೀಬ್ಯಾಡ" ಎಂದು ನಮ್ಮನ್ನೆಲ್ಲ ಬೆಳೆಸಿದವಳು. ನಾನು ತೀರ್ಥಂಕರ ಸ್ವಾಮಿಯ ಮುಂದೆ ಕೈ ಮುಗಿದು, ಬಾಯಿಬಿಟ್ಟೇ ಹೇಳಿದೆ: "ಆಯಿ ತಾ ಮಾಡಿದ ಹೋಳಿಗಿ ಉಣ್ಣೂತನಕ ನಾ ನೀರ ಬಿಟ್ಟು ಏನೂ ಬಾಯಿಗೆ ಹಾಕಂಗಿಲ್ಲ."

ಪಕ್ಕದಲ್ಲಿ ಗಂಧ ತೇಯುತ್ತಿದ್ದ ಪಂಡಿತರು ಕೈ ನಿಲ್ಲಿಸಿದರು. "ಇದೆಂಥಾ ನೇಮವಾ? ಅಕಿ ಇವತ್ತ ಉಣ್ಣಲಿಲ್ಲಂದ್ರ?"

"ಉಣಸ್ತೀನ್ರಿ."

"ಅಲ್ಲ, ಇವತ್ತಿನ ಮಟ್ಟಿಗೆ ಅಂತ ಒಂದ ಮಾತ ಅನಬೇಕಿತ್ತು. ಹಂಗ ಬಿಟ್ಟರ ಇದಕ್ಕ ಕಡೀನ ಇಲ್ಲಲ್ಲ."

ಆಗ ನನಗೆ ಹೊಳೆಯಿತು. ಆಯಿ ಇವತ್ತು ತಿನ್ನಲಿಲ್ಲ ಎಂದರೆ ನಾಳೆ ಆ ಹೋಳಿಗೆ ಅವಳಿಗೆ ನಡೆಯುವುದಿಲ್ಲ, ಮತ್ತೆ ಹೋಳಿಗೆ ಆಗುವುದು ಬರುವ ವರ್ಷ. ಬ್ಲೌಸಿನ ಬಟ್ಟೆ ಕತ್ತರಿಸುವಾಗ ಇಂಥ ತಪ್ಪು ನಾನು ಎಂದೂ ಮಾಡಿದವಳಲ್ಲ. ಆದರೆ ಆಡಿದ್ದಾಗಿತ್ತು, ಸ್ವಾಮಿ ಕೇಳಿದ್ದಾಗಿತ್ತು. ಇರಲಿ, ಇನ್ನಷ್ಟು ಗಟ್ಟಿಯಾಯಿತು ಎಂದು ಮನೆಗೆ ಬಂದೆ.

ಮಧ್ಯಾಹ್ನದ ತನಕ ಎಲ್ಲ ಸುಸೂತ್ರ. ಅನ್ನವಾಯಿತು, ಸಾರು ಕುದಿಯಿತು, ತೊಂಡೆಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ ಆದವು, ಹಪ್ಪಳ ಸಂಡಿಗೆ ಕರಿದಿಟ್ಟೆವು. ಆಯಿ ಹೂರಣ ತುಂಬಿದ ಉಂಡೆಗಳನ್ನು ಪರಾತದಲ್ಲಿ ಸಾಲಾಗಿ ಇಟ್ಟು ಒದ್ದೆ ಬಟ್ಟೆ ಮುಚ್ಚಿದಳು. ಉಣ್ಣುವವರೇ ಇಲ್ಲ. ಕಾಕಾನ ಅಂಗಡಿ ಪೂಜೆ ಮುಗಿಯಲಿಲ್ಲ. ಗುಂಜಿಯವರ ರೈಲು ಬಂತು, ಆದರೆ ಅವರು ದಾರಿಯಲ್ಲಿ ಯಾರದೋ ಮನೆಗೆ ಹೊಕ್ಕರು. ಅಪ್ಪ ಬೀಗರಿಗೆ ಕರಚಿಕಾಯಿ ಕೊಟ್ಟು ಬರುತ್ತೇನೆಂದು ಹೋದವರು ಅಲ್ಲೇ ಮಾತಿಗೆ ಕೂತರು. ನಾನು ಬಾಗಿಲಿಗೂ ಅಡಿಗೆಮನೆಗೂ ಓಡಾಡಿದೆ. ಹೊಟ್ಟೆ ತಾಳ ಹಾಕುತ್ತಿತ್ತು. "ಒಂದ ಸಂಡಿಗಿ ತಿನ್ನಲ್ಲ, ಮಾರಿ ಹೆಂಗ ಬಾಡೇತಿ ನೋಡು" ಎಂದು ಆಯಿ ನನಗೇ ಹೇಳಿದಳು. ಯಾರು ಯಾರಿಗೆ ಹೇಳುವ ಮಾತು ಅದು.

ಕೊನೆಗೆ ಕಾಕಾ ಬಂದರು, ಜೊತೆಗೆ ಪೇಟೆಯ ನಾಲ್ಕಾರು ಅಂಗಡಿಯವರನ್ನೂ ಕರೆತಂದರು. "ನಮ್ಮವ್ವನ ಹೋಳಿಗಿ ತಿನ್ನಿಸ್ತೀನಿ ಬರ್ರಿ ಅಂದೆ, ಬಂದ್ರು" ಎಂದರು ಹೆಮ್ಮೆಯಿಂದ. ಅವರ ಹೆಮ್ಮೆಯೂ ನನ್ನ ಹೆಮ್ಮೆಯೂ ಒಂದೇ, ಅದಕ್ಕೇ ಬೈಯಲು ಬಾಯಿ ಬರಲಿಲ್ಲ. ಗಂಡಸರು, ಮಕ್ಕಳು, ಅತಿಥಿಗಳು ಮೊದಲ ಪಂಕ್ತಿಗೆ ಕೂತರು. ಆಯಿ ಹಂಚು ಕಾಯಿಸಿದಳು. ಹೋಳಿಗೆ ಬೀಳತೊಡಗಿದವು, ಹೊಗಳಿಕೆ ಏಳತೊಡಗಿತು. ಇನ್ನೊಂದು, ಇನ್ನರ್ಧ, ಹಾಲು ತಾ, ತುಪ್ಪ ತಾ. ನಾನು ಬಡಿಸುತ್ತಲೇ ಹಿತ್ತಿಲ ಗೋಡೆ ನೋಡುತ್ತಿದ್ದೆ. ಬಿಸಿಲು ಗೋಡೆಯ ಬುಡ ಬಿಟ್ಟು ಮೇಲೇರಿತು.

ಅವರು ಎದ್ದರು. ಅಂಗಡಿಯವರು ಕೈ ಮುಗಿದು ಹೋದರು. ಕಾಕು ನೆಲ ಒರೆಸಿ ಹೆಂಗಸರ ಪಂಕ್ತಿಗೆ ತಟ್ಟೆ ಹಾಕಿದರು.

"ಬರ್ರಿ, ಲಗೂನ ಕುಂದರ್ರಿ" ಎಂದು ಆಯಿ ಹಂಚಿನ ಮುಂದಿನಿಂದಲೇ ಕರೆದಳು. ಅವ್ವ, ಅತ್ತೆ, ಕಾಕು ಬಂದರು. ನಾನು ನಿಂತೇ ಇದ್ದೆ.

"ನೀ ಯಾಕ ನಿಂತಿ?"

"ನನಗ ನೇಮ ಐತಿ ಆಯಿ. ನೀ ಹೋಳಿಗಿ ಉಂಡ ಮ್ಯಾಲ ನಾ ಉಣ್ಣಾಕಿ."

ಅವಳು ನಕ್ಕಳು. "ಚಾಷ್ಟಿ ಮಾಡಬ್ಯಾಡ, ಬಾ."

"ಚಾಷ್ಟಿ ಅಲ್ಲ. ಮುಂಜಾನೆ ಬಸದಿಯಾಗ ಸ್ವಾಮಿ ಮುಂದ ತಗೊಂಡೀನಿ. ಪಂಡಿತರೂ ಕೇಳ್ಯಾರ."

ಅವಳ ಕೈಯಲ್ಲಿನ ಲಟ್ಟಣಿಗೆ ನಿಂತಿತು. "ಮುಂಜಾನಿಂದ ಏನೂ ತಿಂದಿಲ್ಲ ನೀ?"

"ಇಲ್ಲ. ನಿನ್ನಂಗ."

ಕಾಕಾ ಬಾಗಿಲಲ್ಲಿ ನಿಂತು, "ಹಬ್ಬದ ದಿನ ಇದೇನ್ ಹಟಾ ಹಚ್ಚೀ ನೀ" ಎಂದು ಗದರಿದರು. ಆಗ ನನ್ನ ಬಾಯಿ ಬಿಚ್ಚಿತು. "ಕಾಕಾ, ನಿಮ್ಮವ್ವ ಪಾಡ್ಯದ ದಿನ ಹೋಳಿಗಿ ತಿಂದದ್ದ ನೀವು ಒಮ್ಮೆರ ನೋಡೀರೇನು? ಅಪ್ಪಾ, ನೀ ನೋಡೀಯೇನು? ಯಾರರ ಒಬ್ಬರು ನೋಡೀನಿ ಅನ್ರಿ, ನಾ ಈಗ ಕುಂತು ಉಣ್ತೀನಿ." ಯಾರೂ ಅನ್ನಲಿಲ್ಲ. ಅಪ್ಪ ಏನೋ ನೆನಪಿಸಿಕೊಳ್ಳುವವರಂತೆ ಆಯಿಯನ್ನೇ ನೋಡುತ್ತ ನಿಂತರು. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ಆಯಿ ಮಾತ್ರ ಬೇರೆಯದೇ ಯೋಚನೆಯಲ್ಲಿದ್ದಳು. ನೇಮದ ಸೂಕ್ಷ್ಮ ಅವಳಿಗೆ ಗೊತ್ತಾಗದೆ ಇರುತ್ತದೆಯೇ. "ಎಷ್ಟ ದಿನದ ನೇಮ?" ಎಂದಳು.

"ದಿನ ಹೇಳಿಲ್ಲ."

"ಏನಂದಿ?"

"ನೀ ಉಣ್ಣೂತನಕ ಅಂದೀನಿ. ದಿನ ಹೇಳಾಕ ಮರ್ತೆ."

ಅವಳ ಮುಖದ ಬಣ್ಣ ಹೋಯಿತು. "ಹುಚ್ಚಿ, ಹುಚ್ಚಿ, ಹಿಂಗ ಬಾಯಿಗೆ ಬಂದಂಗ ನೇಮ ತಗೊಂತಾರೇನ" ಎನ್ನುತ್ತ ಕಿಟಕಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಿಟಕಿ ನೋಡಿದಳು. ಬಿಸಿಲು ಗೋಡೆಯ ನೆತ್ತಿಯಲ್ಲಿತ್ತು. ಎಲ್ಲರೂ ಉಣ್ಣದೆ ಅವಳು ಉಣ್ಣುವಂತಿಲ್ಲ, ಅವಳು ಉಣ್ಣದೆ ನಾನು ಉಣ್ಣುವಂತಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂದಿತ್ತು. ನನಗೂ ಹೆದರಿಕೆಯಾಯಿತು ಎಂದು ಇಲ್ಲಿ ಹೇಳಿಬಿಡುತ್ತೇನೆ, ಆಗ ತೋರಿಸಿಕೊಳ್ಳಲಿಲ್ಲ.

ಆಗ ಕಾಕು ಎದ್ದು, ತಮ್ಮ ತಟ್ಟೆಯ ಪಕ್ಕಕ್ಕೆ ಇನ್ನೊಂದು ತಟ್ಟೆ ಇಟ್ಟು, ಮಣೆ ಹಾಕಿದರು. "ಅತ್ತೀರಿ, ಇಲ್ಲಿ ಬರ್ರಿ. ಎಲ್ಲಾರೂ ಕೂಡಿ ಉಂಡ್ರ ಯಾರೂ ಹಿಂದಿಲ್ಲ, ಯಾರೂ ಮುಂದಿಲ್ಲ. ಒಂದ ತುತ್ತು ಅಷ್ಟ ನೀವು ಮೊದಲ ತಗೊರ್ರಿ, ಅಕಿ ನೇಮಾನೂ ಉಳಿತೈತಿ." ಅಷ್ಟು ಉದ್ದದ ಮಾತನ್ನು ಕಾಕುವಿನ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು.

"ಮತ್ತ ಹಂಚಿನ ಮುಂದ ಯಾರ್ ಕುಂದ್ರಬೇಕು? ಬಿಸಿದ ಬೀಳಬೇಕಲ್ಲ ನಿಮಗ."

"ನಾ ಉಂಡೀನಲ್ಲ, ನಾ ಕುಂದ್ರತೀನಿ. ಉಂಡಿ ಎಲ್ಲಾ ನೀನ ತುಂಬಿಟ್ಟಿ, ನಾ ಬರೇ ಲಟ್ಟಸ್ತೀನಿ" ಎಂದರು ಕಾಕಾ.

"ನೀ? ಮೊಳಿ ಮಾರಾಂವ ಹೋಳಿಗಿ ಲಟ್ಟಸ್ತೀಯೇನ?"

"ಮುನಿಗಳು ಬಂದಾಗ ಅವರ ಆಹಾರದ ಚೌಕಾದಾಗ ಅಡಿಗಿ ಮಾಡೂದು ಯಾರಬೇ? ಅವರಿಗೆ ನನ್ನ ಕೈ ನಡೀತೈತಿ, ನಿನಗ ನಡ್ಯಂಗಿಲ್ಲೇನು?" ಎಂದು ಕಾಕಾ ಅಂಗಿಯ ತೋಳು ಮಡಚಿ, ಕೈ ತೊಳೆದು ಬಂದೇಬಿಟ್ಟರು. ಆಯಿ ಮೊಳಕಾಲ ಮೇಲೆ ಕೈ ಊರಿ ಎದ್ದಳು. ನಾನು ಹಿಡಿಯಲು ಹೋದೆ, ಕೈ ಝಾಡಿಸಿದಳು. ಅಷ್ಟು ಸಿಟ್ಟು ಅವಳಿಗೆ.

ಪಂಕ್ತಿಯಲ್ಲಿ ಕೂತ ಆಯಿಯನ್ನು ನೋಡಿ ನಮಗೆಲ್ಲ ಒಂಥರಾ ಮುಜುಗರ. ಅವಳಿಗೂ ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಬಡಿಸುವವರ ಕಡೆ ತಟ್ಟೆ ಸರಿಸುವುದು, ಕಾಕುವಿನ ತಟ್ಟೆಗೆ ಉಪ್ಪು ಹಾಕಲು ಹೋಗುವುದು. "ಉರಿ ಸಣ್ಣ ಮಾಡೋ. ಅಂಚ ತೆಳ್ಳಗ ಮಾಡು. ಹಿಟ್ಟ ಕಡಿಮಿ ಉದುರ್ಸು" ಎಂದು ಮಗನ ಕಡೆ ಮುಖ ಮಾಡಿ ಕೂಗುತ್ತಿದ್ದಳು. ಕಾಕಾನ ಮೊದಲ ಹೋಳಿಗೆ ಹರಿದು ಹೂರಣ ಹಂಚಿಗೆ ಅಂಟಿ ಹೊಗೆ ಎದ್ದಿತು. ಎರಡನೆಯದು ದುಂಡಗೆ ಬರಲಿಲ್ಲ, ಆದರೆ ಉಬ್ಬಿತು. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದು ಆಯಿಯ ತಟ್ಟೆಗೆ ಹಾಕಿದರು. ಅಪ್ಪ ತುಪ್ಪ ಹಾಕಿದರು. ಚುರ್ ಎಂದಿತು.

ಆಯಿ ಮುರಿಯಲು ಹೋಗಿ ಬೆರಳು ಹಿಂದೆ ತೆಗೆದಳು. ಊದಿದಳು. ಮತ್ತೆ ಮುರಿದು ಬಾಯಿಗೆ ಹಾಕಿಕೊಂಡಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅವಳ ಪಕ್ಕ ಕೂತಿದ್ದ ನಾನು ಕಲಸಿದ ಅನ್ನದ ತುತ್ತನ್ನು ಬಾಯಿಗೆ ಒಯ್ಯುವುದನ್ನೂ ಮರೆತು ಅವಳ ದವಡೆಯನ್ನೇ ನೋಡುತ್ತಿದ್ದೆ. ಅವಳು ನಿಧಾನಕ್ಕೆ ಅಗಿದಳು. ಇನ್ನೊಂದು ಚೂರು ಮುರಿದು, ತುಪ್ಪದಲ್ಲಿ ಒರೆಸಿ ತಿಂದಳು. ಮತ್ತೊಂದು ಚೂರು. ತಟ್ಟೆ ಬರಿದಾದ ಮೇಲೆ ತಲೆ ಎತ್ತಿದಳು.

"ಖರೇನ ಛಲೋ ಮಾಡ್ತೀನಲ್ಲ ನಾ" ಎಂದಳು. "ಇಷ್ಟ ವರ್ಷ ನೀವು ನನ್ನ ಸಮಾಧಾನಕ್ಕ ಅಂತೀರಿ ಅಂತ ತಿಳಿದಿದ್ದೆ."

ಕಾಕಾ ಹಂಚಿನ ಕಡೆ ತಿರುಗಿ ಕೂತರು, ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಆಯಿ ತಟ್ಟೆಯನ್ನು ಮುಂದೆ ಸರಿಸಿದಳು.

"ಇನ್ನೂ ಹೊತ್ತೈತಿ" ಎಂದಳು. "ಇನ್ನೊಂದ ಹಾಕು."